ಕರೆ ಯಾರಿಗೆ, ಹೊರೆ ಯಾರಿಗೆ?

ಮಗಳ ಮದುವೆ ಮುಗಿದು ಎರಡು ತಿಂಗಳಾಗಿತ್ತು. ಒಂದು ಭಾನುವಾರ ನಮ್ಮ ಸಂಘದ ಕನ್ನಡ ತರಗತಿಯಲ್ಲಿ ಮಕ್ಕಳಿಗೆ ಭೂತಕಾಲ ಹೇಳಿಕೊಡುತ್ತಿದ್ದೆ. ಹೋದ, ಬಂದ, ಮಾಡಿದ, ತಿಂದ ಎಲ್ಲ ಆದ ಮೇಲೆ, ಒಬ್ಬೊಬ್ಬರೂ ಎದ್ದು ಒಂದೊಂದು ವಾಕ್ಯ ಹೇಳಿ ಎಂದೆ. ಏಳು ವರ್ಷದ ಹುಡುಗನೊಬ್ಬ ಎದ್ದು ನಿಂತು, "ನೀವು ಮೆಕ್ಸಿಕೋಗೆ ಹೋದಿರಿ. ನಮ್ಮ ಅಪ್ಪ ಆ ವಾರ ಮನೆಯಲ್ಲೇ ಇದ್ದು ಬೇಸ್‌ಮೆಂಟಿಗೆ ಬಣ್ಣ ಹೊಡೆದರು" ಎಂದ.

ವ್ಯಾಕರಣದಲ್ಲಿ ಒಂದು ತಪ್ಪೂ ಇರಲಿಲ್ಲ. "ಭೇಷ್" ಎಂದು ಕೂರಿಸಿದೆ. ಆದರೆ ಉಳಿದ ಅರ್ಧ ಗಂಟೆ ನಾನೇನು ಪಾಠ ಮಾಡಿದೆನೋ ನನಗೇ ನೆನಪಿಲ್ಲ. ಆ ಹುಡುಗನ ತಂದೆ ನಮ್ಮ ಮಗಳ ಮದುವೆಗೆ ಬಾರದಿದ್ದಾಗ ಹೇಳಿದ್ದ ಕಾರಣ, "ಆ ವಾರ ರಜೆ ಸಿಗಲಿಲ್ಲ ಸಾರ್" ಎಂದು. ರಜೆ ಸಿಕ್ಕಿತ್ತು. ಸಿಗದಿದ್ದುದು ಬೇರೆ.

ಇದನ್ನು ಅವರ ಒಪ್ಪಿಗೆ ಪಡೆದೇ ಬರೆಯುತ್ತಿದ್ದೇನೆ. ಅವರೀಗ ಬೇರೆ ರಾಜ್ಯದಲ್ಲಿ ಕೆಲಸ ಹಿಡಿದು ಹೋಗಿದ್ದಾರೆ. ಟೆಲಿಫೋನಿನಲ್ಲಿ ಕೇಳಿದಾಗ, "ಬರೆಯಿರಿ ಸಾರ್, ಹೆಸರು ಮಾತ್ರ ಹಾಕಬೇಡಿ" ಎಂದು ನಕ್ಕರು.

ಕಡಲತೀರದ ರೆಸಾರ್ಟಿನಲ್ಲಿ ಮದುವೆ ಮಾಡುವುದು ಈಗ ನಮ್ಮವರ ಮನೆಗಳಿಗೂ ಬಂದಿದೆ. ಡೆಸ್ಟಿನೇಷನ್ ವೆಡ್ಡಿಂಗ್ ಎಂಬ ಮಾತು ನಮ್ಮ ಯುಗಾದಿ ಪಾಟ್‌ಲಕ್ಕಿನಲ್ಲೂ ಕಿವಿಗೆ ಬೀಳುತ್ತದೆ. ಅದು ಆಡಂಬರವೋ ಸರಳತೆಯೋ, ಶಾಸ್ತ್ರಕ್ಕೆ ಒಪ್ಪುವುದೋ ಇಲ್ಲವೋ ಎಂದು ನಾವು ಪುಳಿಯೋಗರೆ ತಟ್ಟೆ ಹಿಡಿದುಕೊಂಡು ವಾದ ಮಾಡಿದ್ದೇವೆ. ಆ ವಾದವನ್ನು ಇಲ್ಲಿ ಮತ್ತೆ ಎತ್ತುವುದಿಲ್ಲ. ನನ್ನ ಪ್ರಶ್ನೆ ಅದಕ್ಕಿಂತ ಚಿಕ್ಕದು. ಬರುವುದು ಕಷ್ಟ ಎಂದು ಗೊತ್ತಿದ್ದೂ ಒಬ್ಬರನ್ನು ಕರೆದರೆ, ಅದು ಕರೆದಂತಾಯಿತೇ?

ನಮ್ಮ ಮನೆಯಲ್ಲಿ ಈ ವಿಷಯ ಹೇಗೆ ಬಂತು ಎಂದು ಮೊದಲು ಹೇಳುತ್ತೇನೆ. ನಾವು ನ್ಯೂಜೆರ್ಸಿಯವರು. ಬೀಗರು ಹ್ಯೂಸ್ಟನ್ನಿನವರು, ತೆಲುಗರು. ನಮ್ಮ ನೆಂಟರು ಅರಸೀಕೆರೆ, ಬೆಂಗಳೂರು. ಅವರ ನೆಂಟರು ಗುಂಟೂರು, ಹೈದರಾಬಾದು. ಹುಡುಗ ಹುಡುಗಿ ಇಬ್ಬರ ಸ್ನೇಹಿತರೂ ಅಮೆರಿಕದ ನಾಲ್ಕು ದಿಕ್ಕಿಗೆ ಹಂಚಿಹೋದವರು. ಎಲ್ಲಿ ಮಾಡಿದರೂ ಅರ್ಧ ಜನಕ್ಕೆ ದೂರವೇ. ಹೀಗಿರುವಾಗ ಇಬ್ಬರೂ ಸೇರಿ ಆರಿಸಿದ್ದು ಮೆಕ್ಸಿಕೋದ ಕಾನ್‌ಕುನ್. ನ್ಯೂವಾರ್ಕಿನಿಂದ ವಿಮಾನದಲ್ಲಿ ಸುಮಾರು ನಾಲ್ಕು ಗಂಟೆ, ಹ್ಯೂಸ್ಟನ್ನಿನಿಂದ ಇನ್ನೂ ಹತ್ತಿರ. ಅಲ್ಲಿನ ರೆಸಾರ್ಟುಗಳು ನಮ್ಮವರ ಮದುವೆಗಳಿಗೆ ಒಗ್ಗಿಹೋಗಿವೆ. ಕುದುರೆ ಬೇಕೆಂದರೆ ಕುದುರೆ, ಮಂಟಪ ಬೇಕೆಂದರೆ ಮಂಟಪ, ಇಡ್ಲಿ ಸಾಂಬಾರ್ ಗೊತ್ತಿರುವ ಅಡಿಗೆಯವರೂ ಸಿಗುತ್ತಾರೆ.

ಕಾನ್‌ಕುನ್ ನಮ್ಮ ಗೋಕರ್ಣದಂತೆ ತಾನಾಗಿ ಬೆಳೆದ ಊರಲ್ಲ. ಪ್ರವಾಸಿಗಳಿಗೆಂದೇ ಮೆಕ್ಸಿಕೋ ಸರ್ಕಾರ ಯೋಜನೆ ಹಾಕಿ, 1970ರಲ್ಲಿ ಕೆಲಸ ಶುರುಮಾಡಿ ಕಟ್ಟಿದ ಊರು. ಮೊದಲ ಹೋಟೆಲುಗಳು ಬಾಗಿಲು ತೆರೆದದ್ದು 1974ರಲ್ಲಿ. ಅಂದರೆ ಅಲ್ಲಿ ಹುಡುಕಿದರೂ ನಮ್ಮ ಅಜ್ಜನ ಕಾಲದ ಒಂದು ಹೋಟೆಲು ಸಿಗುವುದಿಲ್ಲ. ಊರಿಗೆ ಊರೇ ಅತಿಥಿಗಳಿಗಾಗಿ ಹುಟ್ಟಿದ್ದು. ಅಲ್ಲಿ ಎಲ್ಲರೂ ಅತಿಥಿಗಳೇ. ಇದನ್ನು ನಾನು ಕುಹಕಕ್ಕೆ ಹೇಳುತ್ತಿಲ್ಲ. ಎರಡು ಕಡೆಯವರಲ್ಲಿ ಯಾರಿಗೂ ಸ್ವಂತದ್ದಲ್ಲದ ಜಾಗದಲ್ಲಿ "ಗಂಡಿನ ಕಡೆಯವರು", "ಹೆಣ್ಣಿನ ಕಡೆಯವರು" ಎಂಬ ಗತ್ತು ತಾನಾಗಿಯೇ ಕಡಿಮೆಯಾಗುತ್ತದೆ. ಹೆಣ್ಣಿನ ತಂದೆಯಾಗಿ ಅದರ ಬೆಲೆ ನನಗೆ ಗೊತ್ತಿದೆ.

ಮುಹೂರ್ತ ಇಡಲು ಪಂಚಾಂಗದ ಜೊತೆಗೆ ಹವಾಮಾನದ ನಕ್ಷೆಯನ್ನೂ ನೋಡಬೇಕಾಯಿತು. ಜೂನ್ 1ರಿಂದ ನವೆಂಬರ್ 30ರವರೆಗೆ ಅಲ್ಲಿ ಚಂಡಮಾರುತದ ಕಾಲ. 2005ರ ಅಕ್ಟೋಬರಿನಲ್ಲಿ 'ವಿಲ್ಮಾ' ಎಂಬ ಚಂಡಮಾರುತ ಆ ಊರಿನ ಮೇಲೇ ಬೀಡುಬಿಟ್ಟು ಹೊಡೆದಿತ್ತು. ವಸಂತ, ಬೇಸಿಗೆಗಳಲ್ಲಿ ಇನ್ನೊಂದು ಕಾಟ: 2011ರಿಂದೀಚೆಗೆ ಕೆರಿಬಿಯನ್ ತೀರಗಳಿಗೆ ಸಾರ್ಗಾಸಮ್ ಎಂಬ ಕಂದು ಪಾಚಿ ರಾಶಿ ರಾಶಿಯಾಗಿ ಬಂದು ಬೀಳುತ್ತಿದೆ. ಅದು ಕೊಳೆತರೆ ಕೊಳೆತ ಮೊಟ್ಟೆಯ ನಾತ. ಇವೆರಡನ್ನೂ ಬಿಟ್ಟು, ರಾಹುಕಾಲವನ್ನೂ ಬಿಟ್ಟು, ಕೊನೆಗೆ 2023ರ ಫೆಬ್ರವರಿಯಲ್ಲಿ ಒಂದು ದಿನ ಸಿಕ್ಕಿತು.

ಇಷ್ಟೆಲ್ಲ ಲೆಕ್ಕ ಹಾಕಿದ ನಾವು ಒಂದೇ ಒಂದು ಲೆಕ್ಕವನ್ನು ಹಾಕಲಿಲ್ಲ. ಕರೆಸಿಕೊಳ್ಳುವವರಿಗೆ ಎಷ್ಟು ಬೀಳುತ್ತದೆ ಎಂಬುದನ್ನು.

ಬಣ್ಣ ಹೊಡೆದವರ ಮನೆಯಲ್ಲಿ ನಾಲ್ಕು ಜನ. ವಿಮಾನ, ಮೂರು ರಾತ್ರಿಯ ಕೋಣೆ, ಎಲ್ಲ ಸೇರಿ ಸುಮಾರು ನಾಲ್ಕು ಸಾವಿರ ಡಾಲರು. ಆ ವರ್ಷ ಅವರ ಹೆಂಡತಿಯ ಕೆಲಸ ಹೋಗಿತ್ತು; ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದ್ದು ಇನ್ನೊಂದು. ಭಾರತದ ಪಾಸ್‌ಪೋರ್ಟಿನವರು ಅಮೆರಿಕದ ಚಾಲ್ತಿಯಲ್ಲಿರುವ ವೀಸಾ ಅಥವಾ ಗ್ರೀನ್ ಕಾರ್ಡು ತೋರಿಸಿದರೆ ಮೆಕ್ಸಿಕೋದವರು ಬೇರೆ ವೀಸಾ ಕೇಳುತ್ತಿರಲಿಲ್ಲ. ಇವರ ಪಾಸ್‌ಪೋರ್ಟಿನ ವೀಸಾ ಮುದ್ರೆಯ ಅವಧಿ ಮುಗಿದಿತ್ತು. ಇಲ್ಲಿ ಕೆಲಸ ಮಾಡಲು ಅದರಿಂದ ಅಡ್ಡಿಯಿಲ್ಲ, ಗಡಿ ದಾಟಲು ಅಡ್ಡಿ. ಮೆಕ್ಸಿಕೋ ಕಾನ್ಸುಲೇಟಿಗೆ ಅಲೆಯಬೇಕು, ವಾಪಸು ಬರುವಾಗ ಏನು ಕೇಳುತ್ತಾರೋ ಎಂದು ಎದೆ ಹೊಡೆದುಕೊಳ್ಳಬೇಕು. ನಾನೂ ಒಂದು ಕಾಲದಲ್ಲಿ ಅದೇ ಮುದ್ರೆಯನ್ನು ಕಣ್ಣಿಗೊತ್ತಿಕೊಂಡು ಓಡಾಡಿದವನು. ಅಮೆರಿಕದ ಪೌರತ್ವ ಸಿಕ್ಕಿ ಇಪ್ಪತ್ತು ವರ್ಷವಾದ ಮೇಲೆ ಆ ಭಯ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು.

ನಾನು ಕೈ ಕಟ್ಟಿ ಕುಳಿತಿರಲಿಲ್ಲ ಎಂದು ಓದುಗರು ತಿಳಿಯಬೇಕು. ಮಗಳ ಹತ್ತಿರ ವಾದ ಮಾಡಿದ್ದೆ. ಸೋತಿದ್ದೆ. ಅವಳ ವಾದಗಳನ್ನು ನ್ಯಾಯವಾಗಿ ಇಲ್ಲಿ ಇಡುವುದು ನನ್ನ ಕರ್ತವ್ಯ.

"ಊರಿನಲ್ಲಿ ಮದುವೆ ಎಂದರೆ ಸಾವಿರ ಜನ, ಅದು ಮದುವೆ" ಎಂದು ನಾನೆಂದೆ. "ಆ ಸಾವಿರ ಜನಕ್ಕೆ ಊಟ ಹಾಕಿದ ಸಾಲವನ್ನು ಅಜ್ಜ ಎಷ್ಟು ವರ್ಷ ತೀರಿಸಿದರು?" ಎಂದು ಅವಳು ಕೇಳಿದಳು. ಆರು ವರ್ಷ. ನನ್ನ ಮಾವನವರು ಮಗಳ ಮದುವೆಗೆಂದು ಮಾಡಿದ ಸಾಲ ತೀರುವ ಹೊತ್ತಿಗೆ ನಾವು ಇಲ್ಲಿ ಮನೆ ಕೊಂಡಾಗಿತ್ತು. ವರದಕ್ಷಿಣೆಯನ್ನು ನಿಷೇಧಿಸುವ ಕಾನೂನು 1961ರಲ್ಲೇ ಬಂದಿದ್ದರೂ, 1988ರ ನನ್ನ ಮದುವೆಯಲ್ಲಿ "ಹುಡುಗನ ಸೂಟಿಗೆ", "ಓಡಾಟದ ಖರ್ಚಿಗೆ" ಎಂಬ ಹೆಸರುಗಳಲ್ಲಿ ಏನೇನು ಕೈ ಬದಲಾಯಿತು ಎಂದು ನಾನು ಆಗ ಕೇಳಲಿಲ್ಲ. ಕೇಳದಿದ್ದುದು ನನ್ನ ತಪ್ಪು.

"ಅಮ್ಮನ ಮದುವೆಯ ಧಾರೆಯನ್ನು ದೊಡ್ಡಮ್ಮ ನೋಡಿದರಾ?" ಎಂದು ಎರಡನೆಯ ಪ್ರಶ್ನೆ. ನೋಡಿರಲಿಲ್ಲ. ಅವರು ಉಗ್ರಾಣದಲ್ಲಿ ತೆಂಗಿನಕಾಯಿ ಎಣಿಸುತ್ತಿದ್ದರು. ನನ್ನ ಹೆಂಡತಿ ಇವತ್ತಿಗೂ ಆ ಮಾತು ಆಡುತ್ತಾಳೆ. ರೆಸಾರ್ಟಿನಲ್ಲಾದರೆ ಮನೆಯ ಹೆಂಗಸರೆಲ್ಲ ಕುರ್ಚಿಯ ಮೇಲೆ ಕುಳಿತು ಮದುವೆ ನೋಡಬಹುದು ಎಂಬುದು ಮಗಳ ವಾದ. ಇದಕ್ಕೆ ನನ್ನ ಹತ್ತಿರ ಉತ್ತರವಿರಲಿಲ್ಲ, ಈಗಲೂ ಇಲ್ಲ.

ಮೂರನೆಯದು ನೇರವಾಗಿ ಎದೆಗೆ ಬಂತು. "ಅಪ್ಪ, ನೀವು ನಿಮ್ಮ ಅಮ್ಮನನ್ನು ಬಿಟ್ಟು ಎಂಟು ಸಾವಿರ ಮೈಲಿ ದೂರ ಬಂದು ಮನೆ ಮಾಡಿದಿರಿ. ನಾನು ಮೂರು ದಿನಕ್ಕೆ ನಾಲ್ಕು ಗಂಟೆ ದೂರ ಹೋದರೆ, ನೆಂಟರಿಗೆ ದೂರವಾಗುತ್ತದೆ ಅಂತೀರಲ್ಲ?"

ನಾನು ಎದ್ದು ಕಾಫಿ ಮಾಡಲು ಹೋದೆ.

ಸೋತ ಮೇಲೂ ಮನಸ್ಸಿನಲ್ಲಿ ಏನೋ ಒಂದು ಉಳಿದಿತ್ತು. ಅದೇನೆಂದು ಗೊತ್ತಾಗಲು ಕನ್ನಡ ತರಗತಿಯ ಆ ಭೂತಕಾಲದ ಪಾಠವೇ ಬೇಕಾಯಿತು.

ಮದುವೆಗೆ ಜನ ಏಕೆ ಬೇಕು ಎಂಬಲ್ಲಿಂದ ಶುರುಮಾಡೋಣ. ಭಾರತದ 1955ರ ಹಿಂದೂ ವಿವಾಹ ಕಾಯಿದೆಯ ಏಳನೆಯ ವಿಧಿಯ ಪ್ರಕಾರ, ಎರಡು ಕಡೆಯ ಯಾರಾದರೊಬ್ಬರ ಸಂಪ್ರದಾಯದಂತೆ ಮದುವೆ ನಡೆಯಬೇಕು. ಸಪ್ತಪದಿ ಇರುವ ಕಡೆ ಏಳನೆಯ ಹೆಜ್ಜೆ ಇಟ್ಟಾಗ ಮದುವೆ ಪೂರ್ಣವಾಗುತ್ತದೆ. ಸಂಸ್ಕಾರವಿಲ್ಲದೆ ಬರಿಯ ಕಾಗದದಿಂದ ಹಿಂದೂ ವಿವಾಹವಾಗದು ಎಂದು 2024ರಲ್ಲಿ ಸುಪ್ರೀಂ ಕೋರ್ಟೂ ಹೇಳಿತು. ಮದುವೆ ಎಂದರೆ ಹಾಡು, ಕುಣಿತ, ಊಟಗಳಷ್ಟೇ ಅಲ್ಲ ಎಂದೂ ಎಚ್ಚರಿಸಿತು. ನಮ್ಮ ಮಗಳ ವಿಷಯದಲ್ಲಿ ಎಲ್ಲವೂ ತಿರುಗಾಮುರುಗಾ. ಮೆಕ್ಸಿಕೋದಲ್ಲಿ ಕಾನೂನಿಗೆ ಲೆಕ್ಕವಾಗುವುದು ಅಲ್ಲಿನ ಸರ್ಕಾರಿ ನೋಂದಣಿಯ ಮದುವೆ ಮಾತ್ರ. ಧಾರ್ಮಿಕ ವಿಧಿಗೆ ಅಲ್ಲಿ ಕಾನೂನಿನ ಬೆಲೆಯಿಲ್ಲ. ಅದರ ಕಾಗದಪತ್ರದ ತಾಪತ್ರಯ ಬೇಡವೆಂದು ಬಹಳ ಜನ ಮಾಡುವಂತೆ ನಾವೂ ಮಾಡಿದೆವು. ಹೊರಡುವ ಮೊದಲೇ ನ್ಯೂಜೆರ್ಸಿಯಲ್ಲಿ ಲೈಸೆನ್ಸಿಗೆ ಅರ್ಜಿ ಹಾಕಿ, ಇಲ್ಲಿನ ನಿಯಮದ 72 ಗಂಟೆ ಕಾದು, ಸಾಕ್ಷಿಗಳ ಮುಂದೆ ಸಹಿ ಮಾಡಿಸಿದೆವು. ಸರ್ಕಾರದ ಕಣ್ಣಿನಲ್ಲಿ ಮಂಗಳವಾರವೇ ಗಂಡಹೆಂಡಿರಾದವರು ಶನಿವಾರ ಕಾನ್‌ಕುನ್ನಿನಲ್ಲಿ ಮಾಲೆ ಬದಲಾಯಿಸಿದರು.

ಹಾಗಾದರೆ ಆ ಶನಿವಾರ ನಡೆದದ್ದೇನು? ಕಾನೂನಿಗೆ ಅದು ಬೇಕಿರಲಿಲ್ಲ. ದೇವರಿಗೂ ಕಡಲತೀರವೇ ಆಗಬೇಕೆಂದಿಲ್ಲ. ಬೇಕಾಗಿದ್ದುದು ಒಂದೇ: ನಮ್ಮವರ ಕಣ್ಣೆದುರು ಆಗಬೇಕು, ನಮ್ಮವರ ಕೈಯಿಂದ ನಾಲ್ಕು ಕಾಳು ಅಕ್ಷತೆ ತಲೆಯ ಮೇಲೆ ಬೀಳಬೇಕು. ನಾಳೆ ಇಬ್ಬರೂ ಜಗಳವಾಡಿದರೆ, "ನಾವು ನೋಡಿದ್ದೇವಪ್ಪಾ, ನೀನು ಹೀಗೆ ಮಾತು ಕೊಟ್ಟಿದ್ದೆ" ಎನ್ನಲು ಜನ ಬೇಕು. ಅಗ್ನಿಸಾಕ್ಷಿ ಎನ್ನುತ್ತೇವೆ, ಸರಿ. ಆದರೆ ಅಗ್ನಿ ಆಮೇಲೆ ಫೋನು ಮಾಡಿ ವಿಚಾರಿಸುವುದಿಲ್ಲ. ವಿಚಾರಿಸುವವರು ಮನುಷ್ಯರೇ. ಉಳಿದೆಲ್ಲವನ್ನೂ ಬಿಟ್ಟರೂ ಮದುವೆಯಲ್ಲಿ ಉಳಿಯುವುದು ಈ ಸಾಕ್ಷಿ. ಆ ಸಾಕ್ಷಿಗಳನ್ನು ಆರಿಸುವ ಕೆಲಸವನ್ನು ನಾವು ಯಾರಿಗೆ ಒಪ್ಪಿಸಿದೆವು? ವಿಮಾನದ ಟಿಕೆಟ್ಟಿನ ಬೆಲೆಗೆ.

ಹಿಂದಿನ ಕಾಲದಲ್ಲಿ ಕರೆಯುವುದಕ್ಕೆ ಒಂದು ಕ್ರಮವಿತ್ತು. ಲಗ್ನಪತ್ರಿಕೆ ಅಚ್ಚಾಗಿ ಬಂದ ಮೇಲೆ ನಾಲ್ಕು ಮೂಲೆಗೆ ಅರಿಸಿನ ಹಚ್ಚಿ, ಗಂಡಹೆಂಡತಿ ಇಬ್ಬರೂ ಬಿಸಿಲಿನಲ್ಲಿ ಮನೆ ಮನೆಗೆ ಹೋಗಿ, ಕುಂಕುಮ ಕೊಟ್ಟು, ಅಕ್ಷತೆ ಕೊಟ್ಟು ಕರೆಯಬೇಕು. "ಅಂಚೆಯಲ್ಲಿ ಕರೆದರು" ಎಂಬುದೇ ಬರದಿರಲು ಸಾಕಷ್ಟು ಕಾರಣವಾಗಿತ್ತು. ಪತ್ರಿಕೆಯಲ್ಲಿ "ಸಕುಟುಂಬ ಪರಿವಾರ ಸಮೇತರಾಗಿ" ಎಂದು ಅಚ್ಚಾಗಿರುತ್ತಿತ್ತು. ಅಂದರೆ ಎಷ್ಟು ಜನ ಬಂದರೂ ಎಲೆ ಹಾಕುವ ಹೊಣೆ ಕರೆದವನದು. ದೂರದಿಂದ ಬಂದವರಿಗೆ ಬಿಡಾರ ಮಾಡಿಕೊಡುವುದು, ಬೆಳಗ್ಗೆ ಸ್ನಾನಕ್ಕೆ ಬಿಸಿನೀರು, ಕಾಫಿ, ಹೊರಡುವಾಗ ತಾಂಬೂಲ, ಎಲ್ಲ ಅವನದೇ. ಈಗಿನ ಕರೆಯೋಲೆಯಲ್ಲಿ "ನಿಮ್ಮ ಹೆಸರಿನಲ್ಲಿ ಎರಡು ಸ್ಥಾನ ಕಾದಿರಿಸಿದೆ" ಎಂದಿರುತ್ತದೆ, ಕೆಳಗೆ ಕೋಣೆಯ ಬಾಡಿಗೆ ಇರುತ್ತದೆ. ಹಿಂದೆ ಕರೆದವನ ಹೆಗಲ ಮೇಲಿದ್ದ ಹೊರೆ ಕರೆಸಿಕೊಂಡವನ ಹೆಗಲಿಗೆ ಬಂದಿದೆ.

ನನ್ನ ತಂದೆ ನನ್ನ ಮದುವೆಯ ಮುಯ್ಯಿ ಪುಸ್ತಕವನ್ನು ಜೋಪಾನವಾಗಿ ಇಟ್ಟಿದ್ದರು. ಯಾರು ಏನು ಓದಿಸಿದರು ಎಂದು ಬರೆದಿಟ್ಟ, ಕೆಂಪು ಬಟ್ಟೆಯ ರಟ್ಟಿನ ಉದ್ದ ಪುಸ್ತಕ. ಸೋದರತ್ತೆ: ಬೆಳ್ಳಿ ಪಂಚಪಾತ್ರೆ, 51 ರೂಪಾಯಿ. ಪೋಸ್ಟ್ ಮಾಸ್ತರು: 5 ರೂಪಾಯಿ. ಬಟ್ಟೆ ಹೊಲಿಯುವವರು: ಎರಡು ತೆಂಗಿನಕಾಯಿ. ಎಲ್ಲವೂ ಒಂದೇ ಅಕ್ಷರದಲ್ಲಿ, ಒಂದೇ ಸಾಲಿನ ಅಳತೆಯಲ್ಲಿ. ಆ ಮದುವೆಯಲ್ಲಿ ಎಲ್ಲರೂ ಒಂದೇ ಪಂಕ್ತಿಯಲ್ಲಿ ಕುಳಿತರು ಎಂದು ಸುಳ್ಳು ಹೇಳಲಾರೆ. ಜಾತಿ ನೋಡಿ ಎಲೆ ಹಾಕುತ್ತಿದ್ದ ಕಾಲ ಅದು, ಅದಕ್ಕಾಗಿ ತಲೆ ತಗ್ಗಿಸಬೇಕಾದ್ದೇ. ಆದರೆ ಪುಸ್ತಕದ ಮಟ್ಟಿಗೆ, ಎರಡು ತೆಂಗಿನಕಾಯಿ ತಂದವನೂ ಬಂದಿದ್ದ ಎಂಬ ದಾಖಲೆ ಉಳಿದಿದೆ. ಕೈಲಾದಷ್ಟು ತಂದು ಬರುವುದಕ್ಕೆ ದಾರಿಯಿತ್ತು. ನಾಲ್ಕು ಸಾವಿರ ಡಾಲರಿನ ದಾರಿಗೆ ಎರಡು ತೆಂಗಿನಕಾಯಿ ಸಾಲದು.

ಹಾಗೆಂದು ಮದುವೆ ಚಿಕ್ಕದಾಗಿರಬಾರದೇ? ಖಂಡಿತ ಇರಬಹುದು. ಚಿಕ್ಕ ಮದುವೆಗೆ ಕನ್ನಡದಲ್ಲಿ ದೊಡ್ಡ ಮನೆತನವೇ ಇದೆ. ಕುವೆಂಪು ಅವರು 1966ರಲ್ಲಿ ಮಗ ಪೂರ್ಣಚಂದ್ರ ತೇಜಸ್ವಿಯವರ ಮದುವೆಯನ್ನು ಮಂತ್ರಮಾಂಗಲ್ಯದ ರೀತಿಯಲ್ಲಿ ಸರಳವಾಗಿ ನಡೆಸಿದರು. ಆ ದಾರಿ ಹಿಡಿದವರು ಇವತ್ತಿಗೂ ಇದ್ದಾರೆ. ನಮ್ಮ ಮಗಳೂ ತನ್ನದು ಸರಳ ಮದುವೆ ಎಂದೇ ವಾದಿಸಿದ್ದಳು. ಅರವತ್ತು ಜನ, ಸಾಲವಿಲ್ಲ, ಅಡಿಗೆಮನೆಯ ಜೀತವಿಲ್ಲ.

ಆದರೆ ಚಿಕ್ಕ ಮದುವೆಗೂ ದೂರದ ಮದುವೆಗೂ ಒಂದು ವ್ಯತ್ಯಾಸವಿದೆ. ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಚಿಕ್ಕ ಮದುವೆ ಮಾಡುವವನು ತಾನೇ ಬಾಯಿಬಿಟ್ಟು ಹೇಳುತ್ತಾನೆ: "ಕ್ಷಮಿಸಿ, ಎಲ್ಲರನ್ನೂ ಕರೆಯಲು ಆಗುತ್ತಿಲ್ಲ." ಹೇಳುವಾಗ ಅವನ ಮುಖ ಸಣ್ಣಗಾಗುತ್ತದೆ, ನಿಷ್ಠುರ ಅವನಿಗೇ ಬರುತ್ತದೆ. ದೂರದ ಮದುವೆ ಮಾಡುವವನು ನೂರೈವತ್ತು ಜನರನ್ನು ಕರೆಯುತ್ತಾನೆ, ಅರವತ್ತು ಜನ ಬರುತ್ತಾರೆ. ಉಳಿದ ತೊಂಬತ್ತು ಜನರ ಬಾಯಿಂದ "ಇಲ್ಲ" ಎಂದು ಹೇಳಿಸುತ್ತಾನೆ. ಕರೆದ ಹೆಸರು ಇವನಿಗೆ, ಬಾರದ ಹೆಸರು ಅವರಿಗೆ. ಅದರಲ್ಲೂ ಕೈಯಲ್ಲಿ ಕಾಸಿಲ್ಲದವನೇ "ಇಲ್ಲ" ಎನ್ನಬೇಕಾಗುವುದು. ಕಾಸಿಲ್ಲ ಎನ್ನಲು ನಾಚಿಕೆಯಾಗಿ ಇನ್ನೊಂದು ಕಾರಣ ಹುಡುಕಬೇಕಾಗುವುದು. ರಜೆ ಸಿಗಲಿಲ್ಲ, ಮಗುವಿಗೆ ಪರೀಕ್ಷೆ, ಬೆನ್ನು ನೋವು. ನಮ್ಮ ಸಂತೋಷಕ್ಕಾಗಿ ಸಂಭಾವಿತರು ಸುಳ್ಳು ಹೇಳಬೇಕಾಯಿತು.

ಅಷ್ಟೇ ಅಲ್ಲ. ಕರೆಯೋಲೆ ಕಳಿಸುವಾಗ ಅವರು ಬರಲಾರರು ಎಂದು ನಮ್ಮ ಮನಸ್ಸಿನ ಯಾವುದೋ ಮೂಲೆಗೆ ಗೊತ್ತಿತ್ತು. ಗೊತ್ತಿದ್ದುದರಿಂದಲೇ ರೆಸಾರ್ಟಿನವರಿಗೆ ಎಪ್ಪತ್ತು ಜನ ಎಂದು ಹೇಳಿದ್ದೆವು, ನೂರೈವತ್ತು ಎಂದಲ್ಲ. ಎಲ್ಲರೂ ಬಂದುಬಿಟ್ಟಿದ್ದರೆ ನಮಗೇ ಕಷ್ಟವಾಗುತ್ತಿತ್ತು. ಬಂದರೆ ಕಷ್ಟ ಎಂದುಕೊಂಡು ಕಳಿಸಿದ ಕರೆಯೋಲೆಗೆ ಅರಿಸಿನ ಹಚ್ಚಿದರೂ ಮಂಗಳವಾಗದು.

ನನ್ನ ಸೋದರತ್ತೆಯ ವಿಷಯ ಹೇಳದಿದ್ದರೆ ಈ ಬರಹ ಅಪ್ರಾಮಾಣಿಕವಾಗುತ್ತದೆ. ಎಂಬತ್ತೆಂಟು ವರ್ಷ. ನಾನು ಇಂಜಿನಿಯರಿಂಗ್ ಓದುವಾಗ ಒಂದು ವರ್ಷದ ಫೀಸಿಗೆ ಬಳೆ ಅಡವಿಟ್ಟವರು. ಅವರಿಗೂ ಕರೆಯೋಲೆ ಹೋಯಿತು, ಸಮುದ್ರದ ಬಣ್ಣದ ಕಾಗದದಲ್ಲಿ. ಪಾಸ್‌ಪೋರ್ಟೇ ಇಲ್ಲದವರಿಗೆ. ಅವರು ಫೋನಿನಲ್ಲಿ, "ಮಂಡಿ ನೋವಪ್ಪ, ಇಲ್ಲದಿದ್ದರೆ ಬಂದೇಬಿಡುತ್ತಿದ್ದೆ" ಎಂದರು. ಮಂಡಿ ನೋವಿಲ್ಲದಿದ್ದರೆ ಮೆಕ್ಸಿಕೋಗೆ ಬಂದುಬಿಡುತ್ತಿದ್ದರಂತೆ! ನಾನು ನಕ್ಕೆ. ಫೋನು ಇಟ್ಟ ಮೇಲೆ ಅರ್ಥವಾಯಿತು, ಅವರು ನನ್ನ ಮುಖ ಉಳಿಸಲು ತಮ್ಮ ಮಂಡಿಯನ್ನು ಮುಂದೆ ಮಾಡಿದ್ದರು.

ನ್ಯೂಜೆರ್ಸಿಯಲ್ಲಿ ಮಾಡಿದ್ದರೆ ಬರುತ್ತಿದ್ದರೇ ಎಂದು ನೀವು ಕೇಳಬಹುದು. ಇಲ್ಲ. ಅವರ ಪಾಲಿಗೆ ನ್ಯೂಜೆರ್ಸಿಯೂ ಮೆಕ್ಸಿಕೋವೂ ಒಂದೇ. ಮಗಳ ಮೂರನೆಯ ಮಾತು ಇಲ್ಲಿ ಮತ್ತೆ ಬಂದು ಕುಟುಕುತ್ತದೆ. ಅತ್ತೆಯ ಮಟ್ಟಿಗೆ ದೂರ ಹೋದವಳು ಮಗಳಲ್ಲ, ನಾನು. ಮೂವತ್ತೈದು ವರ್ಷದ ಹಿಂದೆಯೇ. ಹಾಗಾಗಿ ತಪ್ಪೆಲ್ಲವನ್ನೂ ಕಡಲತೀರದ ಮೇಲೆ ಹೊರಿಸಿ ಕೈ ತೊಳೆದುಕೊಳ್ಳಲಾರೆ. ವಲಸೆ ಬಂದವರ ಪ್ರತಿಯೊಂದು ಶುಭಕಾರ್ಯವೂ ಯಾರಿಗೋ ದೂರವೇ. ದೂರ ನಮ್ಮ ತಪ್ಪಲ್ಲದಿರಬಹುದು. ದೂರವಿಲ್ಲದಂತೆ ನಟಿಸುವುದು ತಪ್ಪು.

ಮದುವೆಯ ದಿನದ ಒಂದು ಸಂಗತಿಯನ್ನೂ ಹೇಳಬೇಕು. ಮೆಕ್ಸಿಕೋದ ಕಾನೂನಿನ ಪ್ರಕಾರ ಕಡಲತೀರವೆಲ್ಲ ಸಾರ್ವಜನಿಕರದು. ಹೋಟೆಲಿನವರು ಕುರ್ಚಿ ಹಾಕಬಹುದು, ಮರಳಿನ ಒಡೆಯರಾಗಲಾರರು. ಹಾಗಾಗಿ ಪುರೋಹಿತರು ಗಾಳಿಗೆ ಅಡ್ಡ ಹಿಡಿದು ಒಂದು ತಗಡಿನ ಕುಂಡದಲ್ಲಿ ಅಗ್ನಿ ಉಳಿಸಿಕೊಳ್ಳಲು ಹೆಣಗುತ್ತಿದ್ದಾಗ, ಚಡ್ಡಿ ಹಾಕಿಕೊಂಡ ದಾರಿಹೋಕರು ನಿಂತು ನೋಡುತ್ತಿದ್ದರು. ಮಂಟಪಕ್ಕೆ ಪ್ಲಾಸ್ಟಿಕ್ ಮಾವಿನೆಲೆಯ ತೋರಣ ಕಟ್ಟಿದ್ದೆವು. ಅದನ್ನು ನೋಡಿ ಹೋಟೆಲಿನ ತೋಟದ ಮಾಲಿಯೊಬ್ಬರು ತಾವಾಗಿಯೇ ಹೋಗಿ ಒಂದು ಹೊರೆ ನಿಜವಾದ ಮಾವಿನ ಸೊಪ್ಪು ತಂದುಕೊಟ್ಟರು. ಮಾವು ಏಷ್ಯಾದಿಂದ ಹಡಗಿನಲ್ಲಿ ಹೋಗಿ ಮೆಕ್ಸಿಕೋದಲ್ಲಿ ಬೇರು ಬಿಟ್ಟ ಮರ, ನಮ್ಮ ಹಾಗೆ. ನಮ್ಮೂರಿನಲ್ಲಿ ಚಪ್ಪರ ಹಾಕುವಾಗ ಬೀದಿಯವರೆಲ್ಲ ಒಂದೊಂದು ಹೊರೆ ಸೊಪ್ಪು ತಂದು ಹಾಕುತ್ತಿದ್ದುದು ನೆನಪಾಯಿತು. ಅವರ ಭಾಷೆ ನನಗೆ ಬಾರದು, ನನ್ನದು ಅವರಿಗೆ ಬಾರದು. ಧಾರೆಯ ಹೊತ್ತಿಗೆ ಅವರ ಕೈಗೂ ಅಕ್ಷತೆ ಕೊಟ್ಟೆ. ಟೋಪಿ ತೆಗೆದು, ಎಲ್ಲರೂ ಹಾಕುವವರೆಗೆ ಕಾದು, ಅವರೂ ಹಾಕಿದರು.

ಆ ಗಳಿಗೆ ಸಂತೋಷವಾಯಿತು, ಸುಳ್ಳಲ್ಲ. ಅದರ ಹಿಂದೆಯೇ ಬಣ್ಣ ಹೊಡೆದವರ ನೆನಪೂ ಬಂತು. ಹಿಂದಿನ ವರ್ಷ ನನ್ನ ಹೆಂಡತಿಗೆ ಶಸ್ತ್ರಚಿಕಿತ್ಸೆಯಾದಾಗ ನಡುರಾತ್ರಿ ಆಸ್ಪತ್ರೆಗೆ ಕಾರು ಓಡಿಸಿದವರು ಅವರು. ಅವರ ಕೈಯ ಅಕ್ಷತೆ ಇರಲಿಲ್ಲ.

ಕನ್ನಡ ತರಗತಿಯ ಆ ಭಾನುವಾರ ಸಂಜೆಯೇ ಅವರ ಮನೆಗೆ ಹೋದೆವು. ಬೇಸ್‌ಮೆಂಟು ಚೆನ್ನಾಗಿ ಬಣ್ಣ ಕಂಡಿತ್ತು, ತಿಳಿ ಹಳದಿ. ನಾನು ಸುತ್ತಿ ಬಳಸದೆ, "ತಪ್ಪಾಯಿತು" ಎಂದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ್ದು ಇಷ್ಟು: "ಸಾರ್, ನೀವು ಕರೆಯದೇ ಇದ್ದಿದ್ದರೆ ಬೇಜಾರಾಗುತ್ತಿತ್ತು. ಕರೆದಿದ್ದಕ್ಕೆ ಸಂಕಟವಾಯಿತು. ಎರಡರಲ್ಲಿ ಯಾವುದು ವಾಸಿ ಅಂತ ನನಗೂ ಗೊತ್ತಿಲ್ಲ."

ಇದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಅವರ ಮಾತಿನಲ್ಲಿ ಒಂದು ದಾರಿ ಕಾಣುತ್ತದೆ. ಕರೆಯದಿರುವುದಕ್ಕೂ ಕರೆಯೋಲೆ ಎಸೆಯುವುದಕ್ಕೂ ನಡುವೆ, ಹೋಗಿ ಕುಳಿತು ಮಾತಾಡುವುದು ಎಂಬುದೊಂದಿದೆ. "ಹೀಗೆ ಮೆಕ್ಸಿಕೋದಲ್ಲಿ ಮಾಡುತ್ತಿದ್ದೇವೆ. ನಿಮಗೆ ಕಷ್ಟವಾಗುತ್ತದೆಂದು ಗೊತ್ತು. ಬಾರದಿದ್ದರೆ ಕಾರಣ ಹೇಳಬೇಕಾಗಿಲ್ಲ. ಹೊರಡುವ ಮುಂಚೆ ನಮ್ಮ ಮನೆಯಲ್ಲಿ ದೇವರ ಸಮಾರಾಧನೆ ಇದೆ, ಅದಕ್ಕೆ ಬಂದು ಹುಡುಗಿಗೆ ಅಕ್ಷತೆ ಹಾಕಿ." ಇಷ್ಟನ್ನು ಹೇಳಲು ನನಗೆ ಹದಿನೈದು ನಿಮಿಷ ಸಾಕಾಗಿತ್ತು. ಅವರ ಮನೆ ನಮ್ಮ ಮನೆಯಿಂದ ಎಂಟು ಮೈಲಿ. ಸಮುದ್ರದ ಮೇಲೆ ನಾಲ್ಕು ಗಂಟೆ ಹಾರಿದವನಿಗೆ ಎಂಟು ಮೈಲಿ ದೂರವಾಯಿತು.

ನಮ್ಮ ಕೂಟದಲ್ಲಿ ಮುಂದಿನ ವರ್ಷಕ್ಕೆ ಮೂರು ಮದುವೆಗಳು ಗೊತ್ತಾಗಿವೆ. ಅವುಗಳಲ್ಲಿ ಒಂದು ಕಡಲತೀರದ್ದೆಂದು ಕೇಳಿದ್ದೇನೆ. ಬೇಡವೆಂದು ಹೇಳುವವನು ನಾನಲ್ಲ. ಮಾಡಿ ಬಂದವನು ನಾನು. ಸಮುದ್ರ ಚೆನ್ನಾಗಿಯೇ ಇತ್ತು. ಒಂದೇ ಒಂದು ಬಿನ್ನಹ. ರೆಸಾರ್ಟಿನ ಚಿತ್ರಗಳನ್ನು ನೋಡುವ ಮುಂಚೆ ಒಂದು ಕಾಗದ ತೆಗೆದುಕೊಂಡು, ಯಾರಿಲ್ಲದಿದ್ದರೆ ಈ ಮದುವೆ ಬಣಗುಟ್ಟುತ್ತದೆಯೋ ಅವರ ಹೆಸರುಗಳನ್ನು ಬರೆಯಿರಿ. ಹತ್ತು ಹೆಸರು ಸಾಕು. ಆಮೇಲೆ ಜಾಗ ಹುಡುಕಿ. ಆ ಹತ್ತರಲ್ಲಿ ಯಾರಾದರೂ ಬರಲಾಗದಿದ್ದರೆ ಜಾಗ ಬದಲಾಯಿಸಿ. ಬದಲಾಯಿಸಲು ಆಗದಿದ್ದರೆ, "ಇಲ್ಲ" ಎನ್ನುವ ಕಷ್ಟವನ್ನು ಅವರಿಗೆ ಬಿಡದೆ ನೀವೇ ಮೊದಲು ಅವರ ಮನೆಯ ಬಾಗಿಲು ತಟ್ಟಿ.

ನಾವು ಆ ವರ್ಷ ಡಿಸೆಂಬರಿನಲ್ಲಿ ಮಗಳು ಅಳಿಯನನ್ನು ಕರೆದುಕೊಂಡು ಅರಸೀಕೆರೆಗೆ ಹೋದೆವು. ಅತ್ತೆ ಇಬ್ಬರನ್ನೂ ಮಣೆಯ ಮೇಲೆ ಕೂರಿಸಿ, ಅಕ್ಕಿಗೆ ಅರಿಸಿನ ಕಲೆಸಿ ತಲೆಗೆ ಹಾಕಿದರು. ಅಳಿಯನ ಕೈಗೆ 101 ರೂಪಾಯಿ ಕೊಟ್ಟು, "ಮುಯ್ಯಿ ಪುಸ್ತಕದಲ್ಲಿ ಬರೆಸು" ಎಂದು ನನಗೆ ಹೇಳಿದರು. ನಮ್ಮಲ್ಲಿ ಪುಸ್ತಕವಿರಲಿಲ್ಲ. ರೆಸಾರ್ಟಿನವರು ಫೋಟೋ ಆಲ್ಬಂ ಕೊಟ್ಟಿದ್ದರು, ಮುಯ್ಯಿ ಪುಸ್ತಕ ಕೊಟ್ಟಿರಲಿಲ್ಲ. ಬೀದಿಯ ಕೊನೆಯ ಅಂಗಡಿಯಿಂದ ಒಂದು ನೋಟ್‌ಬುಕ್ ತಂದೆ. ಮೊದಲ ಸಾಲು ಅತ್ತೆಯದು. ಎರಡನೆಯ ಸಾಲಿನಲ್ಲಿ ಮಾಲಿಯವರ ಮಾವಿನ ಸೊಪ್ಪನ್ನು ಬರೆದೆ. ಅವರ ಹೆಸರು ಕೇಳಿಕೊಂಡಿರಲಿಲ್ಲ, ಆ ಜಾಗ ಖಾಲಿ ಉಳಿದಿದೆ. ಮೂರನೆಯ ಸಾಲಿನಲ್ಲಿ, ಬೇಸ್‌ಮೆಂಟಿಗೆ ಬಣ್ಣ ಹೊಡೆದವರ ಹೆಸರು ಬರೆದು, ಎದುರಿಗೆ "ನಾವು ಕೊಡಬೇಕಾದ್ದು" ಎಂದು ಬರೆದಿಟ್ಟಿದ್ದೇನೆ. ಅವರ ಮಗನಿಗೆ ಈಗ ಉಪನಯನದ ವಯಸ್ಸು ಹತ್ತಿರವಾಗುತ್ತಿದೆ. ಎಲ್ಲಿ ಮಾಡಿದರೂ ಹೋಗುತ್ತೇವೆ.